ಸೋಮವಾರಪೇಟೆಯ ಇಬ್ಬರು ಮತ್ತು ಪದಕದ ಲೆಕ್ಕ

ಹಾಕಿ ನೋಡುವವರಿಗೆ ಒಂದು ಹಳೇ ಚಟ ಇದೆ. ಯಾವನೋ ಹುಡುಗ ಬಿರುಸಾಗಿ ಓಡಿದ ಅಂದ್ರೆ ಸಾಕು, ಅವನನ್ನು ಹಿಂದಿನ ದೊಡ್ಡ ಆಟಗಾರನ ಪಕ್ಕ ನಿಲ್ಲಿಸಿ ಅಳೆಯೋದು. ವಿಠ್ಠಲವಾಡಿಯಿಂದ ಲೋಕಲ್ ಹಿಡಿಯುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಕೊಡಗಿನವರೊಬ್ಬರಿದ್ದಾರೆ. ಎಸ್.ವಿ. ಸುನಿಲ್ ಮಾತು ಬಂದಾಗಲೆಲ್ಲ ಅವರದ್ದು ಒಂದೇ ತೀರ್ಪು: "ಒಲಿಂಪಿಕ್ ಪದಕ ಎಲ್ಲಿದೆ ಮಾರಾಯ್ರೆ? ಗೋವಿಂದ ಗೋವಿಂದನೇ!"

ಬಿ.ಕಾಂ. ಮಾಡಿ ಇಷ್ಟು ವರ್ಷ ಬ್ಯಾಂಕಿನಲ್ಲಿ ಸವೆದ ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಖಾತೆ ನೋಡುವಾಗ ಕೊನೆಯ ಬ್ಯಾಲೆನ್ಸ್ ಮಾತ್ರ ನೋಡಿದರೆ ಸಾಲದು, ಆರಂಭದ ಶಿಲ್ಕು ಎಷ್ಟಿತ್ತು ಅಂತಲೂ ನೋಡಬೇಕಲ್ಲ?

ಬಿ.ಪಿ. ಗೋವಿಂದ, ಸುನಿಲ್ ಇಬ್ಬರೂ ಸೋಮವಾರಪೇಟೆಯವರು. ಇಬ್ಬರೂ ಮುನ್ನಡೆಯ ಆಟಗಾರರು, ಇಬ್ಬರ ಬಂಡವಾಳವೂ ವೇಗ. ಗೋವಿಂದ 21ರ ಹರೆಯದಲ್ಲಿ, 1972ರ ಮ್ಯೂನಿಕ್‌ನಲ್ಲಿ ಕಂಚು ಪಡೆದರು. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಆದರೆ ಅವರು ಸೇರಿದ್ದು ಎಂಥಾ ತಂಡ? 1928ರಿಂದ ಒಂದು ಒಲಿಂಪಿಕ್ಸ್‌ನಿಂದಲೂ ಬರಿಗೈಲಿ ಬಾರದ ತಂಡ.

ಸುನಿಲ್ 18ರ ಹರೆಯದಲ್ಲಿ, 2007ರ ಚೆನ್ನೈ ಏಷ್ಯಾ ಕಪ್‌ನಲ್ಲಿ ಕಣಕ್ಕಿಳಿದರು. ಭಾರತ ಗೆದ್ದಿತು. ಆರೇ ತಿಂಗಳು, 2008ರ ಮಾರ್ಚ್‌ನಲ್ಲಿ ಸ್ಯಾಂಟಿಯಾಗೋದಲ್ಲಿ ಬ್ರಿಟನ್ ಎದುರು ಸೋತು, 80 ವರ್ಷಗಳಲ್ಲಿ ಮೊದಲ ಸಲ ಒಲಿಂಪಿಕ್ಸ್‌ಗೆ ಅರ್ಹತೆಯೇ ಸಿಗಲಿಲ್ಲ. 2012ರ ಲಂಡನ್‌ನಲ್ಲಿ ಕಟ್ಟಕಡೆಯ ಹನ್ನೆರಡನೇ ಸ್ಥಾನ. ಗೋವಿಂದ ಬಂದದ್ದು ಠೇವಣಿ ತುಂಬಿದ ಮನೆಗೆ, ಸುನಿಲ್ ಬಂದದ್ದು ಸಾಲದ ಮನೆಗೆ.

ಆಟವೂ ಒಂದೇ ಆಗಿರಲಿಲ್ಲ. ಅಂದು ಹುಲ್ಲು, ಆಫ್‌ಸೈಡ್ ನಿಯಮ, 35 ನಿಮಿಷಗಳ ಎರಡು ಅವಧಿ. ಹಾಗಾಗಿ ವೇಗದ ಜೊತೆ ಯಾವಾಗ ಓಡಬೇಕೆಂಬ ಲೆಕ್ಕವೂ ಬೇಕಿತ್ತು. 1990ರ ದಶಕದಲ್ಲಿ ಆಫ್‌ಸೈಡ್ ಹೋಯಿತು. 2016ರ ರಿಯೋ ಹೊತ್ತಿಗೆ 15 ನಿಮಿಷಗಳ ನಾಲ್ಕು ಕ್ವಾರ್ಟರ್. ಈಗ ಓಡಿದ ಓಟವನ್ನೇ ಮತ್ತೆ ಮತ್ತೆ ಓಡಬೇಕು. 1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆದಾಗ ಗೋವಿಂದರಿದ್ದ ಭಾರತವೇ ಏಳನೆಯದಾಯಿತು. ಒಂದೇ ವರ್ಷದಲ್ಲಿ ಅವರ ಪ್ರತಿಭೆ ಕರಗಿತೇ? ಖಂಡಿತ ಇಲ್ಲ.

ಇನ್ನೊಂದು ವಿಷಯ ನೋಡಿ. 1966ರ ನಂತರ 1998ರ ತನಕ ಭಾರತಕ್ಕೆ ಏಷ್ಯನ್ ಗೇಮ್ಸ್ ಹಾಕಿ ಚಿನ್ನ ಸಿಗಲಿಲ್ಲ. ಗೋವಿಂದರ ಕಾಲ ಆ ನಡುವೆ ಬಂತು. ಸುನಿಲ್‌ಗೆ 2014ರ ಇಂಚಿಯಾನ್‌ನಲ್ಲಿ ಅದು ದಕ್ಕಿತು. ಹಾಗಂತ ಗೋವಿಂದರ ತೂಕ ಇಳಿಸುತ್ತೇವೆಯೇ? 2016ರಲ್ಲಿ ಏಷ್ಯಾದ ವರ್ಷದ ಆಟಗಾರ ಎನಿಸಿದ ಸುನಿಲ್, 264 ಪಂದ್ಯ, 72 ಗೋಲುಗಳೊಂದಿಗೆ 2021ರ ಅಕ್ಟೋಬರ್‌ನಲ್ಲಿ ನಿವೃತ್ತರಾದರು. ಎರಡು ತಿಂಗಳ ಹಿಂದಷ್ಟೇ ಟೋಕಿಯೋದಲ್ಲಿ ಭಾರತಕ್ಕೆ 41 ವರ್ಷಗಳ ನಂತರ ಪದಕ ಬಂದಿತ್ತು, ಆ ತಂಡದಲ್ಲಿ ಅವರಿರಲಿಲ್ಲ. ನೋವಿನ ವಿಷಯವೇ, ಆದರೆ ಅದು ಅಳತೆಗೋಲಲ್ಲ.

ನಾಳೆ ಸೋಮವಾರಪೇಟೆಯಲ್ಲಿ ಇನ್ನೊಬ್ಬ ಹುಡುಗ ಸ್ಟಿಕ್ ಹಿಡಿದಾನು. ಅವನನ್ನು ತನ್ನ ಓರಗೆಯವರ ಜೊತೆ ಅಳೆಯೋಣ. ಅವನು ಓಡಿದಾಗ ಎದುರಾಳಿಯ ಎಷ್ಟು ಜನ ಹಿಂದೆ ಸರಿಯಬೇಕಾಯಿತು ಅಂತ ನೋಡೋಣ. ಗೋವಿಂದರ ಪದಕ ತೋರಿಸಿ ಅವನನ್ನು ಹೆದರಿಸೋದು ಬೇಡ.

ನೀವೇನಂತೀರಿ?