ನೀರು ಬಿಟ್ಟೂ ಬಿಡದ ಓಟ

ಮೀನು ಹಿಡಿಯುವ ಬಾಸ್ ದೋಣಿಯ ವೇಗ ಹೆಚ್ಚಿಸಲು ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಅಳತೆಯ ಟೇಪನ್ನು. ದೋಣಿಯನ್ನು ಟ್ರೇಲರ್ ಮೇಲೆ ಮಟ್ಟವಾಗಿ ನಿಲ್ಲಿಸಿ, ಹಿಂಬದಿಯ ಔಟ್‌ಬೋರ್ಡ್ ಎಂಜಿನ್ನನ್ನು ನೆಟ್ಟಗೆ ಮಾಡುತ್ತಾರೆ. ದೋಣಿಯ ತಳ ನೆಲದಿಂದ ಎಷ್ಟು ಎತ್ತರದಲ್ಲಿದೆ, ಪ್ರೊಪೆಲರ್ ದಂಡದ ನಡುಭಾಗ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ಒಂದರಲ್ಲಿ ಇನ್ನೊಂದನ್ನು ಕಳೆಯುತ್ತಾರೆ. ಮೂರೂವರೆ ಅಂಗುಲ ಬಂತೆನ್ನಿ. ಎಂಜಿನ್ನನ್ನು ಕಾಲು ಅಂಗುಲ ಮೇಲೆತ್ತಿ, ಬೋಲ್ಟ್ ಬಿಗಿದು, ದೋಣಿಯನ್ನು ಮತ್ತೆ ನೀರಿಗಿಳಿಸಿ ಓಡಿಸಿ ನೋಡುತ್ತಾರೆ. ಆ ಕಾಲು ಅಂಗುಲದ ಹಿಂದೆ ಸುಮಾರು ಇನ್ನೂರು ವರ್ಷಗಳ ಕಲಿಕೆ ಇದೆ. ನೀರನ್ನು ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು ಎಂಬ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳ ಕಥೆ ಅದು ಎಂದು ನನಗೆ ಅನ್ನಿಸುತ್ತದೆ.

ಮೊದಲ ಉತ್ತರ ಸಿಕ್ಕಿದ್ದು ಒಂದು ಅವಘಡದಿಂದ. 1837ರಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ತನ್ನ ದೋಣಿಯನ್ನು ಪರೀಕ್ಷಿಸುತ್ತಿದ್ದ. ಎರಡು ಸುತ್ತಿನ ಮರದ ತಿರುಪು ಅದರ ಪ್ರೊಪೆಲರ್. ನಡುದಾರಿಯಲ್ಲಿ ಅದರ ಅರ್ಧ ಮುರಿದುಬಿತ್ತು. ದೋಣಿ ನಿಲ್ಲುವ ಬದಲು ಮೊದಲಿಗಿಂತ ಜೋರಾಗಿ ಓಡಿತು. ನೀರಿಗೆ ಉಜ್ಜುವ ಮೈ ಕಡಿಮೆಯಾದಷ್ಟೂ ಓಟ ಹೆಚ್ಚು ಎಂಬ ಪಾಠ ಅಲ್ಲಿಂದ ಶುರು. ಅದರ ಇನ್ನೊಂದು ಮುಖವನ್ನು ಕಂಡವನು ಚಾರ್ಲ್ಸ್ ಪಾರ್ಸನ್ಸ್. 1894ರಲ್ಲಿ ಅವನು ನೀರಿಗಿಳಿಸಿದ ‘ಟರ್ಬೀನಿಯಾ’ ಹಡಗಿನಲ್ಲಿ ಶಕ್ತಿಗೇನೂ ಕೊರತೆಯಿರಲಿಲ್ಲ, ವೇಗ ಮಾತ್ರ ಬರಲಿಲ್ಲ. ಅತಿ ವೇಗವಾಗಿ ತಿರುಗುವ ರೆಕ್ಕೆಯ ಬೆನ್ನಲ್ಲಿ ಒತ್ತಡ ಕುಸಿದು, ನೀರು ಆವಿಯ ಗುಳ್ಳೆಗಳಾಗಿ ಒಡೆಯುತ್ತಿತ್ತು. ರೆಕ್ಕೆಗೆ ಹಿಡಿಯಲು ನೀರೇ ಸಿಗುತ್ತಿರಲಿಲ್ಲ. ಇದನ್ನು ಕಣ್ಣಾರೆ ನೋಡಲೆಂದೇ ಅವನು ಪುಟ್ಟದೊಂದು ನೀರಿನ ಸುರಂಗ ಕಟ್ಟಿದ. ಕೊನೆಗೆ ಮೂರು ದಂಡಗಳಿಗೆ ಒಟ್ಟು ಒಂಬತ್ತು ಪ್ರೊಪೆಲರ್ ಹಾಕಿ, 1897ರ ಹೊತ್ತಿಗೆ 34 ನಾಟ್ ಮುಟ್ಟಿದ.

ಔಟ್‌ಬೋರ್ಡ್ ಎಂಜಿನ್ ಜನರ ಕೈಗೆ ಬಂದದ್ದು ಆ ಮೇಲೆ. ನಾರ್ವೆಯಿಂದ ವಲಸೆ ಬಂದಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಮಾರಾಟಕ್ಕಿಟ್ಟ ಎಂಜಿನ್ನಿನ ತೂಕ 62 ಪೌಂಡ್, ಶಕ್ತಿ ಬರೀ ಒಂದೂವರೆ ಎಚ್‌ಪಿ. ಮೂವತ್ತು ವರ್ಷದ ನಂತರ ಅದೇ ವಿಸ್ಕಾನ್ಸಿನ್ ರಾಜ್ಯದಲ್ಲಿ ಕಾರ್ಲ್ ಕೀಖೇಫರ್ ಆರಂಭಿಸಿದ ಕಾರ್ಖಾನೆ ಮರ್ಕ್ಯುರಿಯಾಗಿ ಬೆಳೆಯಿತು. 1976ರಲ್ಲಿ ಅದರ ವಿ6 ಎಂಜಿನ್ 175 ಎಚ್‌ಪಿ ಕೊಡುತ್ತಿತ್ತು.

ಇಷ್ಟರಲ್ಲಿ ದೋಣಿಯೂ ಬದಲಾಗಿತ್ತು. ಬಾಸ್ ಅಮೆರಿಕದ ಸಿಹಿನೀರಿನ ಮೀನು; ಗಾಳದವರಿಗೆ ಅದನ್ನು ಬೆನ್ನಟ್ಟುವುದೇ ಒಂದು ಹುಚ್ಚು. 1948ರಲ್ಲಿ ಹೋಮ್ಸ್ ಥರ್ಮಂಡ್ ಮಾಡಿದ ‘ಸ್ಕೀಟರ್’ ಈ ಮೀನಿಗೆಂದೇ ರೂಪಿಸಿದ ಮೊದಲ ದೋಣಿ. 1967ರಲ್ಲಿ ರೇ ಸ್ಕಾಟ್ ಅರ್ಕನ್ಸಾದ ಬೀವರ್ ಲೇಕ್‌ನಲ್ಲಿ ದೊಡ್ಡ ಪಂದ್ಯ ನಡೆಸಿ, ಮರುವರ್ಷ ಬಾಸ್ ಗಾಳದವರ ‘ಬ್ಯಾಸ್’ ಸಂಸ್ಥೆ ಕಟ್ಟಿದ. ಮೀನು ಹಿಡಿಯುವುದು ಗಡಿಯಾರದ ಆಟವಾದದ್ದು ಆಗ. ಮೀನಿರುವ ಜಾಗ ಮೂವತ್ತು ಮೈಲಿ ಆಚೆಗಿದ್ದರೆ, ದಾರಿಯಲ್ಲಿ ಉಳಿಸಿದ ಹತ್ತು ನಿಮಿಷ ಎಂದರೆ ಗಾಳ ಹಾಕಲು ಇನ್ನೂ ಹತ್ತು ನಿಮಿಷ. ಈಗ ಅಲ್ಲಿನ ಹಲವು ದೊಡ್ಡ ಪಂದ್ಯಗಳಲ್ಲಿ 250 ಎಚ್‌ಪಿ ದಾಟುವಂತಿಲ್ಲ. ಈ ಗೆರೆ ಒಳ್ಳೆಯದನ್ನೇ ಮಾಡಿದೆ ಎನ್ನುತ್ತೇನೆ. ದೊಡ್ಡ ಎಂಜಿನ್ ಕೊಂಡು ಗೆಲ್ಲುವ ದಾರಿ ಮುಚ್ಚಿದಾಗ ಜನರ ಬುದ್ಧಿ ತಳ, ಪ್ರೊಪೆಲರ್, ಎತ್ತರಗಳ ಕಡೆ ಹರಿಯಿತು.

ತಳದಲ್ಲಿ ಬಂದ ದೊಡ್ಡ ಬದಲಾವಣೆ ಪ್ಯಾಡ್. ‘ವಿ’ ಆಕಾರದ ತಳದ ಚೂಪು ಅಂಚನ್ನು ಹಿಂಭಾಗದಲ್ಲಿ ಸಣ್ಣ ಚಪ್ಪಟೆ ಪಟ್ಟಿಯಾಗಿಸಿದರು. ಟೆನೆಸಿಯ ಆಲಿಸನ್ ದೋಣಿಗಳು ಹೆಸರು ಮಾಡಿದ್ದೇ ಇದರಿಂದ. ವೇಗ ಏರಿದಂತೆ ಇಪ್ಪತ್ತಡಿ ಉದ್ದದ ದೋಣಿ ನೀರಿನಿಂದ ಎದ್ದು, ಆ ಪಟ್ಟಿಯ ಕೊನೆಯ ಕೆಲವು ಅಡಿಗಳ ಮೇಲೆ ಮಾತ್ರ ನಿಂತು ಓಡುತ್ತದೆ. ಉಳಿದ ಒಡಲೆಲ್ಲ ಗಾಳಿಯಲ್ಲಿ.

ಹಾಗೆ ಎತ್ತಿ ಹಿಡಿಯುವ ಕೆಲಸದಲ್ಲಿ ಪ್ರೊಪೆಲರ್‌ನ ಪಾಲು ದೊಡ್ಡದು. ಪ್ರೊಪೆಲರ್ ಒಂದು ಸುತ್ತಿಗೆ, ಎಲ್ಲೂ ಜಾರದಿದ್ದರೆ, ಎಷ್ಟು ಅಂಗುಲ ಮುಂದೆ ಹೋಗಬೇಕೋ ಅದು ಪಿಚ್. 25 ಪಿಚ್‌ನ ಪ್ರೊಪೆಲರ್, 1.75ರ ಗೇರ್ ಅನುಪಾತ, 5800 ಆರ್‌ಪಿಎಂ ಇಟ್ಟುಕೊಳ್ಳಿ. ಲೆಕ್ಕ ಹೇಳುವುದು ಗಂಟೆಗೆ 78 ಮೈಲಿ. ಜಿಪಿಎಸ್ 70 ತೋರಿಸಿದರೆ ಶೇ. 10ರಷ್ಟು ನೀರಿನಲ್ಲಿ ಜಾರಿಹೋಗಿದೆ, ಇದೇ ಸ್ಲಿಪ್. ಪಿಚ್ ಒಂದು ಅಂಗುಲ ಹೆಚ್ಚಿಸಿದರೆ ಎಂಜಿನ್ ಸುಮಾರು 150ರಿಂದ 200 ಆರ್‌ಪಿಎಂ ಕಳೆದುಕೊಳ್ಳುತ್ತದೆ. ಕಂಪನಿ ಹೇಳಿದ ಆರ್‌ಪಿಎಂ ಮುಟ್ಟದ ಎಂಜಿನ್ನಿಗೆ ಇನ್ನೂ ದೊಡ್ಡ ಪಿಚ್ ತೊಡಿಸುವುದು, ಏರುದಾರಿಯಲ್ಲಿ ಲಾರಿಯನ್ನು ಟಾಪ್ ಗೇರಿನಲ್ಲೇ ದೂಡಿದ ಹಾಗೆ.

ಆದರೆ ಪಿಚ್ ಒಂದರಿಂದ ಪ್ರೊಪೆಲರ್‌ನ ಗುಣ ತಿಳಿಯುವುದಿಲ್ಲ. ಒಂದೇ ಪಿಚ್‌ನ ಎರಡನ್ನು ಪಕ್ಕಪಕ್ಕ ಇಟ್ಟು, ರೆಕ್ಕೆಯ ಹಿಂದಿನ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಒಂದರಲ್ಲಿ ಅಂಚು ಚಮಚದ ತುಟಿಯಂತೆ ತುಸು ಬಾಗಿರುತ್ತದೆ. ಗಾಳಿ ಬೆರೆತ ನೀರಿನಲ್ಲೂ ಆ ಬಾಗು ಹಿಡಿತ ಬಿಡುವುದಿಲ್ಲ. ರೆಕ್ಕೆ ಹಿಂದಕ್ಕೆ ಎಷ್ಟು ವಾಲಿದೆ ಎಂಬುದರ ಮೇಲೆ ದೋಣಿಯ ಮೂತಿ ಮೇಲೇಳುವುದು ನಿಂತಿದೆ. ಅಲ್ಯೂಮಿನಿಯಂನಿಂದ ಸ್ಟೇನ್‌ಲೆಸ್ ಸ್ಟೀಲಿಗೆ ಹೋದಾಗ ರೆಕ್ಕೆ ತೆಳುವಾಯಿತು, ಒತ್ತಡಕ್ಕೆ ಬಾಗುವುದೂ ಕಡಿಮೆಯಾಯಿತು. ಮೂರು ರೆಕ್ಕೆಯದು ತುದಿಯ ವೇಗಕ್ಕೆ, ನಾಲ್ಕು ರೆಕ್ಕೆಯದು ಹಿಡಿತಕ್ಕೆ ಎಂಬುದು ಸಾಮಾನ್ಯ ಮಾತಾದರೂ ದೋಣಿಯಿಂದ ದೋಣಿಗೆ ಫಲ ಬೇರೆ. ಅದಕ್ಕೇ ಪಳಗಿದವರು ನಾಲ್ಕಾರು ಪ್ರೊಪೆಲರ್ ಜೊತೆಗಿಟ್ಟುಕೊಂಡು, ಅದೇ ನೀರು, ಅದೇ ಇಂಧನ, ಅದೇ ಭಾರದಲ್ಲಿ ಒಂದೊಂದನ್ನೇ ಓಡಿಸಿ ಬರೆದಿಡುತ್ತಾರೆ. ನಮ್ಮ ಕರಾವಳಿಯ ನಾಡದೋಣಿಗೂ ಔಟ್‌ಬೋರ್ಡ್ ಎಂಜಿನ್ನೇ ಇದೆ. ಬಲೆ, ಮೀನು, ಆಳುಗಳನ್ನು ಹೊತ್ತು ಅಲೆ ಸೀಳಬೇಕಾದ ಅದಕ್ಕೆ ಬೇಕಾದದ್ದು ಚಿಕ್ಕ ಪಿಚ್. ಬಾಸ್ ದೋಣಿಯ ಪ್ರೊಪೆಲರ್ ಅದಕ್ಕೆ ಹೊಂದದು.

ಜಾಕ್ ಪ್ಲೇಟ್ ಬಂದಮೇಲೆ ಎತ್ತರದ ಆಟ ಸುಲಭವಾಯಿತು. ಇದು ಎಂಜಿನ್ನನ್ನು ದೋಣಿಯಿಂದ ಕೆಲವು ಅಂಗುಲ ಹಿಂದಕ್ಕೆ ಸರಿಸುತ್ತದೆ, ಬೇಕಾದಷ್ಟು ಮೇಲೆ ಕೆಳಗೆ ಮಾಡಲು ಬಿಡುತ್ತದೆ. ಎತ್ತಿದಷ್ಟೂ ಪ್ರೊಪೆಲರ್ ದಂಡವನ್ನು ಹೊತ್ತ ಗೇರ್‌ಕೇಸ್ ನೀರಿಗೆ ಒಡ್ಡುವ ಅಡ್ಡಿ ಕಡಿಮೆ. ಆದರೆ ಎಂಜಿನ್ ತಣಿಯಲು ನೀರು ಸೇದುವ ರಂಧ್ರಗಳು ಇರುವುದೂ ಅದೇ ಗೇರ್‌ಕೇಸಿನ ಪಕ್ಕದಲ್ಲಿ. ಅವು ನೀರಿನಿಂದ ಹೊರಬಂದರೆ ಎಂಜಿನ್ ಸುಟ್ಟಿತು. ಹಾಗಾಗಿ ನೀರಿನ ಒತ್ತಡದ ಮೀಟರ್ ಇಲ್ಲದೆ ಎತ್ತರ ಬದಲಿಸಬಾರದು. ಇನ್ನೂ ವೇಗ ಬೇಕೆನ್ನುವವರು ಗೇರ್‌ಕೇಸಿನ ಮೂತಿಯನ್ನು ಚೂಪುಮಾಡಿ, ರಂಧ್ರಗಳನ್ನು ಮೂತಿಯ ಕೆಳಗೆ ತಂದರು. ಮೊಂಡು ಮೂತಿಯ ಸುತ್ತ ಅತಿ ವೇಗದಲ್ಲಿ ಗುಳ್ಳೆಗಳು ಎದ್ದು ಪ್ರೊಪೆಲರನ್ನು ಮುಸುಕಿದರೆ ಹಿಡಿತ ಒಮ್ಮೆಗೇ ತಪ್ಪುತ್ತದೆ. ಪಾರ್ಸನ್ಸ್ ಕಂಡ ಗುಳ್ಳೆಗಳೇ ಹಲವು ದಶಕಗಳ ನಂತರ ಕೆರೆಯಲ್ಲಿ ಮತ್ತೆ ಎದ್ದಿದ್ದವು.

ಎಂಜಿನ್ನಿನ ಒಳಗಿನ ಬದಲಾವಣೆಗೆ ಕಾರಣ ಹೊಗೆಯ ಕಾನೂನು. 1990ರ ದಶಕದ ನಂತರ ಹಳೆಯ ಟೂ ಸ್ಟ್ರೋಕ್ ಹಿಂದೆ ಸರಿಯಿತು. ನೇರ ಇಂಜೆಕ್ಷನ್, ಆಮೇಲೆ ಫೋರ್ ಸ್ಟ್ರೋಕ್ ಬಂದವು. 2020ರಲ್ಲಿ ಎವಿನ್‌ರೂಡ್ ಎಂಜಿನ್ನಿನ ತಯಾರಿಕೆಯೇ ನಿಂತಿತು. ಅದು ನನಗೆ ನೋವಿನ ಸುದ್ದಿ. ಈಗಿನ ಎಂಜಿನ್‌ಗಳನ್ನು ಕಂಪ್ಯೂಟರ್ ಆಳುತ್ತಿದೆ; ಕಾರ್ಬ್ಯುರೇಟರ್ ತಿರುವಿ ವೇಗ ಕದಿಯುವ ಕಾಲ ಹೋಯಿತು. ಉಳಿದದ್ದು ಎತ್ತರ, ಪ್ರೊಪೆಲರ್, ತೂಕ.

ನೀರು ಬಿಟ್ಟಷ್ಟೂ ದೋಣಿ ಹಗುರ, ಹಿಡಿತವೂ ಹಗುರ. ಪ್ಯಾಡ್ ಮೇಲೆ ನಿಂತ ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿದಾಡಲು ತೊಡಗುವುದುಂಟು. ಚೈನ್ ವಾಕ್ ಎನ್ನುತ್ತಾರೆ. ಸ್ಟಿಯರಿಂಗನ್ನು ಕೂದಲೆಳೆಯಷ್ಟು ತಿರುಗಿಸುತ್ತ ಅದನ್ನು ಸರಿದೂಗಿಸಬೇಕು, ತಡವಾದರೆ ಎಸೆದುಬಿಡುತ್ತದೆ. ಚಾಲಕ ನೀರಿಗೆ ಬಿದ್ದ ಕ್ಷಣ ಎಂಜಿನ್ ನಿಲ್ಲಿಸುವ ಹಗ್ಗ, 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಅಮೆರಿಕದ ಕಾನೂನಿನ ಪ್ರಕಾರ ಕಡ್ಡಾಯವಾದದ್ದು 2021ರ ಏಪ್ರಿಲ್ 1ರಂದು. ಕಾಲು ಅಂಗುಲ ಎತ್ತಿದ ಎಂಜಿನ್ ಪರೀಕ್ಷಿಸಲು ನೀರಿಗಿಳಿದವನು ಆ ಕೆಂಪು ಹಗ್ಗವನ್ನು ಲೈಫ್ ಜಾಕೆಟ್ಟಿಗೆ ಸಿಕ್ಕಿಸಿ, ಎಂಜಿನ್ನಿನ ಓರೆ ಬದಲಿಸುವ ಟ್ರಿಮ್ ಗುಂಡಿಯನ್ನು ಹೆಬ್ಬೆರಳಿನಿಂದ ಸ್ವಲ್ಪಸ್ವಲ್ಪವೇ ಒತ್ತುತ್ತಾನೆ. ಮೂತಿ ಏಳುತ್ತದೆ. ಅವನ ಒಂದು ಕಣ್ಣು ಮುಂದಿನ ನೀರಿನ ಮೇಲೆ, ಇನ್ನೊಂದು ಒತ್ತಡದ ಮುಳ್ಳಿನ ಮೇಲೆ.