ಕೋಲಾರದ ಬೋರ್‌ವೆಲ್ ನೀರು: ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗಳು ಬತ್ತಿದ ಮೇಲೆ ತೆರೆದ ಬಾವಿಗಳೂ ಬತ್ತಿದವು, ಅವುಗಳ ಜಾಗಕ್ಕೆ ಬೋರ್‌ವೆಲ್ ಬಂತು. ಸಾವಿರ ಅಡಿ ದಾಟಿದ ಕೊಳವೆಬಾವಿ ಇಲ್ಲಿ ಅಪರೂಪವೇನಲ್ಲ. ಊರಿನ ನಲ್ಲಿ ನೀರಿನ ಪರೀಕ್ಷೆ ಪಂಚಾಯಿತಿಯ ಅಥವಾ ನಗರಸಭೆಯ ಹೊಣೆ. ಸ್ವಂತ ಬೋರ್‌ವೆಲ್ ನೀರಿನ ಹೊಣೆ ಮಾತ್ರ ಮನೆಯವರದೇ.

ಚುಟುಕು ಉತ್ತರ: ಇಲ್ಲ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹಾಗೇ ಉಳಿಯುತ್ತದೆ. ಯಾಕೆ, ಮತ್ತೆ ಏನು ಮಾಡಬೇಕು ಎಂಬುದನ್ನು ಈಗ ನೋಡೋಣ.

ನೀರಿಗೆ ಫ್ಲೋರೈಡ್ ಹೇಗೆ ಬರುತ್ತದೆ?

ಈ ಭಾಗದ ನೆಲದಡಿ ಇರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆ. ಇವುಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್‌ನಂತಹ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕಿನಲ್ಲಿ ನೀರು ಎಷ್ಟು ಹೆಚ್ಚು ಕಾಲ ನಿಂತಿರುತ್ತದೋ ಅಷ್ಟು ಹೆಚ್ಚು ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಆಳದ ನೀರು ಸಾಮಾನ್ಯವಾಗಿ ಹಳೆಯ ನೀರು. ಹಾಗಾಗಿ ಆಳಕ್ಕೆ ಕೊರೆದಷ್ಟೂ ಒಳ್ಳೆಯ ನೀರು ಸಿಗುತ್ತದೆ ಎಂಬ ನಂಬಿಕೆ ಇಲ್ಲಿ ಎಷ್ಟೋ ಸಲ ತಲೆಕೆಳಗಾಗುತ್ತದೆ.

ಭಾರತೀಯ ಮಾನಕದ (ಐಎಸ್ 10500) ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5 ಮಿಲಿಗ್ರಾಂ.

ಮಿತಿ ಮೀರಿದರೆ ಮೊದಲ ಪೆಟ್ಟು ಮಕ್ಕಳಿಗೆ. ಸುಮಾರು ಎಂಟು ವರ್ಷದವರೆಗೆ, ಒಸಡಿನೊಳಗೆ ಶಾಶ್ವತ ಹಲ್ಲುಗಳು ರೂಪುಗೊಳ್ಳುವಾಗ, ಹೆಚ್ಚು ಫ್ಲೋರೈಡ್ ಸೇರಿದರೆ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆಗಳು ಮೂಡುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ಇನ್ನೂ ಹೆಚ್ಚಿನ ಪ್ರಮಾಣದ ಫ್ಲೋರೈಡ್ ಹಲವು ವರ್ಷ ದೇಹ ಸೇರಿದರೆ ಕೀಲು ನೋವು, ಬೆನ್ನು ಮತ್ತು ಕುತ್ತಿಗೆ ಬಿಗಿತ ಶುರುವಾಗುತ್ತವೆ, ಕೊನೆಗೆ ಮೂಳೆಗಳೇ ವಿಕಾರವಾಗಬಹುದು. ಇದನ್ನು ಪೂರ್ತಿ ಗುಣಪಡಿಸುವ ಔಷಧವಿಲ್ಲ. ತಡೆಯುವುದೊಂದೇ ದಾರಿ.

ಫ್ಲೋರೈಡ್ ಒಂದೇ ಅಲ್ಲ

*ಗಡಸುತನ:* ಸೋಪು ನೊರೆ ಬರುವುದಿಲ್ಲ, ಗೀಸರ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇದಕ್ಕೆ ಕಾರಣ. ಪಾತ್ರೆ, ಪೈಪಿಗೆ ಇದು ಶತ್ರುವಾದರೂ ಆರೋಗ್ಯಕ್ಕೆ ಅಷ್ಟು ಅಪಾಯವಲ್ಲ. ಇನ್ನೊಂದು ವಿಚಿತ್ರವೆಂದರೆ, ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲೇ ಫ್ಲೋರೈಡ್ ಹೆಚ್ಚು ಕರಗಬಲ್ಲದು. ಚೆನ್ನಾಗಿ ನೊರೆ ಬರುವ ಮೆದು ನೀರು ಫ್ಲೋರೈಡ್ ಇಲ್ಲದ ನೀರು ಎಂದು ತಿಳಿಯಬೇಡಿ.

*ನೈಟ್ರೇಟ್:* ತಿಪ್ಪೆ, ಶೌಚದ ಗುಂಡಿ, ಹೊಲದ ಗೊಬ್ಬರದಿಂದ ಇಳಿಯುತ್ತದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಮಿತಿ ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಆರು ತಿಂಗಳೊಳಗಿನ ಕೂಸಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳಬಹುದು.

*ರೋಗಾಣುಗಳು:* ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ ಇಲ್ಲದ, ಶೌಚದ ಗುಂಡಿಗೆ ಹತ್ತಿರವಿರುವ ಬೋರ್‌ವೆಲ್‌ಗಳಲ್ಲಿ, ತೆರೆದ ಬಾವಿಗಳಲ್ಲಿ ಮಳೆಗಾಲದಲ್ಲಿ ಈ ತೊಂದರೆ ಹೆಚ್ಚು.

*ಯುರೇನಿಯಂ:* ಪೂರ್ವ ಕರ್ನಾಟಕದ ಗ್ರಾನೈಟ್ ಪ್ರದೇಶದ ಕೆಲವು ಕೊಳವೆಬಾವಿಗಳಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ (ಲೀಟರಿಗೆ 30 ಮೈಕ್ರೋಗ್ರಾಂ) ಹೆಚ್ಚಿರುವುದು ಕಂಡುಬಂದಿದೆ. ಬಣ್ಣ, ರುಚಿ, ವಾಸನೆಯಿಂದ ಇದು ಗೊತ್ತಾಗುವುದಿಲ್ಲ. ಹೆಚ್ಚಾದರೆ ತೊಂದರೆ ಮುಖ್ಯವಾಗಿ ಮೂತ್ರಪಿಂಡಕ್ಕೆ.

ನಂಬಿಕೆ ಮತ್ತು ವಾಸ್ತವ

*ಕುದಿಸಿದರೆ ಎಲ್ಲವೂ ಶುದ್ಧ.* ನೀರು ಆವಿಯಾದರೂ ಫ್ಲೋರೈಡ್, ನೈಟ್ರೇಟ್ ಪಾತ್ರೆಯಲ್ಲೇ ಉಳಿಯುತ್ತವೆ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರು ಕುದಿದು 8 ಲೀಟರ್ ಆದರೆ ಫ್ಲೋರೈಡ್ 2.5 ಮಿಲಿಗ್ರಾಂಗೆ ಏರುತ್ತದೆ.

*ತಾಮ್ರದ ಬಿಂದಿಗೆ ಸಾಕು.* ರಾತ್ರಿಯಿಡೀ ಇಟ್ಟರೆ ಕೆಲವು ರೋಗಾಣುಗಳು ಸಾಯುವುದು ನಿಜ. ಕರಗಿದ ಫ್ಲೋರೈಡ್ ಮೇಲೆ ಅದರ ಪರಿಣಾಮವಿಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರಗಳ ಕತೆಯೂ ಇದೇ.

*ಟಿಡಿಎಸ್ ಮೀಟರ್ ಕಡಿಮೆ ತೋರಿಸಿದರೆ ನೀರು ಒಳ್ಳೆಯದು.* ಮೀಟರ್ ಅಳೆಯುವುದು ಕರಗಿದ ಲವಣಗಳ ಒಟ್ಟು ಅಂದಾಜನ್ನು. ಟಿಡಿಎಸ್ 400 ಇರುವ ನೀರಿನಲ್ಲೂ ಫ್ಲೋರೈಡ್ 2 ಮಿಲಿಗ್ರಾಂ ಇರಬಹುದು. ರೋಗಾಣುಗಳನ್ನಂತೂ ಆ ಮೀಟರ್ ಕಾಣಲಾರದು.

ಮೊದಲು ಪರೀಕ್ಷೆ, ಆಮೇಲೆ ಯಂತ್ರ

ಅಂಗಡಿಗೆ ಹೋಗುವ ಮುನ್ನ ಪ್ರಯೋಗಾಲಯಕ್ಕೆ ಹೋಗಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ನೀರು ಪರೀಕ್ಷಾ ಪ್ರಯೋಗಾಲಯವನ್ನು ವಿಚಾರಿಸಿ. ಪಂಚಾಯಿತಿಯಲ್ಲಿ ಕ್ಷೇತ್ರ ಪರೀಕ್ಷಾ ಕಿಟ್ ಇದ್ದರೆ ಅಲ್ಲಿಯೂ ಪ್ರಾಥಮಿಕ ಪರೀಕ್ಷೆ ಸಾಧ್ಯ. ಐದು–ಹತ್ತು ನಿಮಿಷ ಮೋಟರ್ ಓಡಿಸಿ, ಶುಭ್ರ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು, ನೀರು ತುಂಬಿಸಿ. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು, ಅದನ್ನು ತೊಳೆಯಬಾರದು. ತುಂಬಿದ ದಿನವೇ ತಲುಪಿಸಬೇಕು. ಫ್ಲೋರೈಡ್, ನೈಟ್ರೇಟ್, ಗಡಸುತನ, ಟಿಡಿಎಸ್, ರೋಗಾಣು ಇಷ್ಟನ್ನೂ ಕೇಳಿ ಮಾಡಿಸಿ.

ಮನೆಯಲ್ಲಿ ಏನು ಮಾಡಬಹುದು?

ರೋಗಾಣು ಮಾತ್ರ ಇದ್ದರೆ ಕುದಿಸುವುದು, ಯುವಿ ಅಥವಾ ಕ್ಲೋರಿನ್ ಸಾಕು. ಕ್ಲೋರಿನ್ ಹಾಕಿದ ಮೇಲೆ ಅರ್ಧ ಗಂಟೆ ಬಿಟ್ಟು ಬಳಸಿ.

ಫ್ಲೋರೈಡ್, ನೈಟ್ರೇಟ್, ಯುರೇನಿಯಂ ಮೂರಕ್ಕೂ ಕೆಲಸ ಮಾಡುವುದು ಆರ್‌ಓ. ಆದರೆ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಹೋಗಬಹುದು, ಮತ್ತು ಆ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ. ಅದನ್ನು ಶೌಚಾಲಯಕ್ಕೆ, ನೆಲ ಒರೆಸಲು ಬಳಸಿ. ಬಾವಿಗೆ ಇಂಗಿಸಬೇಡಿ. ಮೆಂಬ್ರೇನ್ ಸಮಯಕ್ಕೆ ಬದಲಿಸದಿದ್ದರೆ ಯಂತ್ರ ಇದ್ದೂ ಇಲ್ಲದಂತೆ.

ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್ ಫ್ಲೋರೈಡ್ ಹೀರುತ್ತದೆ, ಕರೆಂಟ್ ಬೇಡ. ಅದು ತುಂಬಿದಾಗ ಪುನಶ್ಚೇತನ ಮಾಡಿಸಬೇಕು, ಇಲ್ಲದಿದ್ದರೆ ಫ್ಲೋರೈಡ್ ಹಾಗೇ ದಾಟಿ ಬರುತ್ತದೆ. ಪಟಿಕ ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿತು. ನೀರಿನ ಕ್ಷಾರತೆ ಮತ್ತು ಫ್ಲೋರೈಡ್ ನೋಡಿ ಪ್ರಮಾಣ ನಿಗದಿ ಮಾಡಬೇಕಾದ್ದರಿಂದ ಅಂದಾಜಿನಲ್ಲಿ ಮಾಡುವಂಥದ್ದಲ್ಲ. ಸಾಫ್ಟ್‌ನರ್ ಗಡಸುತನಕ್ಕೆ ಮಾತ್ರ.

ಕುಡಿಯಲು ಶುದ್ಧ ನೀರು, ಅಡುಗೆಗೆ ಬೋರ್‌ವೆಲ್ ನೀರು ಎಂಬ ಪದ್ಧತಿ ಬಿಡಿ. ಮುದ್ದೆ, ಅನ್ನ, ಸಾರು ಎಲ್ಲದರೊಳಗೂ ಆ ನೀರಿನ ಫ್ಲೋರೈಡ್ ಸೇರುತ್ತದೆ. ಸ್ನಾನಕ್ಕೆ, ಬಟ್ಟೆಗೆ ಬೋರ್‌ವೆಲ್ ನೀರು ಅಡ್ಡಿಯಿಲ್ಲ.

ತಲೆಯ ಮೇಲೇ ಇರುವ ಪರಿಹಾರ

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. 100 ಚದರ ಮೀಟರ್ ಚಾವಣಿಯ ಮೇಲೆ 70,000 ಲೀಟರ್ ಬೀಳುತ್ತದೆ, ಐದರಲ್ಲಿ ಒಂದು ಪಾಲು ನಷ್ಟವಾದರೂ 56,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ ಬೇಕಾದದ್ದು ಸುಮಾರು 9,100 ಲೀಟರ್. ಆರು ತಿಂಗಳ ಒಣ ಕಾಲಕ್ಕೆ 4,500 ಲೀಟರ್, ಅಂದರೆ 5,000 ಲೀಟರಿನ ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆಯ ನೀರನ್ನು ಹೊರಬಿಟ್ಟು, ಸೋಸಿ, ಬೆಳಕು ಬೀಳದಂತೆ ಇಡಿ. ಕುಡಿಯುವ ಮುನ್ನ ಕುದಿಸಿ. ಇಲ್ಲಿ ಕುದಿಸುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಕೆ.ಸಿ. ವ್ಯಾಲಿ ನೀರು ಬಂದಿದೆಯಲ್ಲ?

ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು 2018ರಿಂದ ಲಕ್ಷ್ಮೀಸಾಗರ ಮೊದಲಾದ ಕೆರೆಗಳಿಗೆ ಹರಿಯುತ್ತಿದೆ. ಇದರ ಉದ್ದೇಶ ಅಂತರ್ಜಲ ತುಂಬಿಸುವುದು, ನೇರವಾಗಿ ಕುಡಿಯುವುದಲ್ಲ. ಬೋರ್‌ವೆಲ್‌ನಲ್ಲಿ ನೀರು ಏರಿದ ಮಾತ್ರಕ್ಕೆ ಅದು ಕುಡಿಯಲು ಯೋಗ್ಯ ಎಂದಾಗುವುದಿಲ್ಲ. ಕೆರೆಯ ಹತ್ತಿರದ ಬಾವಿಯಾದರೆ ನೈಟ್ರೇಟ್ ಮತ್ತು ರೋಗಾಣು ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲೊಮ್ಮೆ ಮಳೆ ನಿಂತ ಮೇಲೊಮ್ಮೆ, ಮಾಡಿಸುವುದು ಒಳ್ಳೆಯದು.

ಮನೆಯಲ್ಲಿ ಎಂಟು ವರ್ಷದೊಳಗಿನ ಮಗುವೋ ಗರ್ಭಿಣಿಯೋ ಇದ್ದರೆ ಪರೀಕ್ಷೆಯನ್ನು ಮುಂದೂಡಬೇಡಿ. ವರದಿ ಬರುವವರೆಗೆ ಅವರಿಗೆ ಕುಡಿಯಲು, ಅಡುಗೆಗೆ ಪರೀಕ್ಷೆಯಾದ ಬೇರೆ ನೀರನ್ನೇ ಬಳಸಿ.