ಜಾವಾದ ಗುಂಡಿಯೂ ಗರಗಸದ ಪೊರೆಯೂ



ಮುಂಗಾರು ಬಿರುಸಾಗುವ ಹೊತ್ತಿಗೆ ತೋಟದವರಿಗೆ ಒಂದು ತಾಪತ್ರಯ ಸುರುವಾಗುತ್ತದೆ. ರಾತ್ರಿಯ ಗಾಳಿಗೆ ಸಿಲ್ವರ್ ಮರವೋ ತೆಂಗೋ ದಾರಿಗಡ್ಡ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಬಿಚ್ಚಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿಸಿದ್ದ ಚೈನ್ ಗರಗಸವನ್ನು ಹೊರಗೆ ತಂದು ಹಗ್ಗ ಎಳೆದರೆ ಕೆಮ್ಮುವುದೂ ಇಲ್ಲ. ಹತ್ತು ಸಲ ಎಳೆದ ಮೇಲೆ ಸೈಲೆನ್ಸರಿನ ಬಾಯಿಂದ ಪೆಟ್ರೋಲು ತೊಟ್ಟಿಕ್ಕುತ್ತದೆ. ನೋಡಿದವರು “ಕಾರ್ಬುರೇಟರು ಓವರ್‌ಫ್ಲೋ ಆಗ್ತಾ ಐತೆ, ಹೊಸದೇ ಹಾಕ್ಬೇಕು” ಅನ್ನುತ್ತಾರೆ. ದುಡ್ಡು ಬಿಚ್ಚುವ ಮುಂಚೆ ಈ ಓವರ್‌ಫ್ಲೋ ಕತೆಯನ್ನು ಸ್ವಲ್ಪ ಹಿಂದಿನಿಂದ ಕೇಳಿರಿ. ಅದಕ್ಕೆ ನಮ್ಮ ಮೈಸೂರಿನ ನಂಟು ಉಂಟು.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಇತ್ತು. ೧೯೬೦ರ ಸುಮಾರಿನಲ್ಲಿ ರುಸ್ತುಂ ಇರಾನಿ, ಫಾರೂಕ್ ಇರಾನಿ ಅವರು ಚೆಕೊಸ್ಲೊವಾಕಿಯದ ಜಾವಾ ಕಂಪನಿಯಿಂದ ಪರವಾನಗಿ ಪಡೆದು ಕಟ್ಟಿದ್ದು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಅದನ್ನು ಉದ್ಘಾಟಿಸಿದರು. ಜಾವಾ ಎಂಬ ಹೆಸರೂ ಒಂದು ಕತೆಯೇ. ಯಾನಚೆಕ್ ಎಂಬಾತ ೧೯೨೯ರಲ್ಲಿ ಜರ್ಮನಿಯ ವಾಂಡರರ್ ಮೋಟಾರು ಸೈಕಲಿನ ಹಕ್ಕು ಕೊಂಡುಕೊಂಡ. ತನ್ನ ಹೆಸರಿನ ಮೊದಲ ತುಂಡನ್ನೂ ಅದರ ಹೆಸರಿನ ಮೊದಲ ತುಂಡನ್ನೂ ಕೂಡಿಸಿದ. ಎಪ್ಪತ್ತರ ದಶಕದಲ್ಲಿ ನಮ್ಮ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ೧೯೯೬ರಲ್ಲಿ ಕಾರ್ಖಾನೆ ನಿಂತುಹೋಯಿತು. ಅಷ್ಟರಲ್ಲಿ ಮೈಸೂರು, ಮಂಡ್ಯ, ನಂಜನಗೂಡುಗಳ ಗ್ಯಾರೇಜುಗಳಲ್ಲಿ ಎರಡು ತಲೆಮಾರಿನ ಕೈಗಳು ಎರಡು ಹೊಡೆತದ ಎಂಜಿನ್ನನ್ನು, ಅಂದರೆ ಟೂ ಸ್ಟ್ರೋಕನ್ನು, ಕಣ್ಣು ಮುಚ್ಚಿ ಬಿಚ್ಚುವಷ್ಟು ಪಳಗಿದ್ದವು.

ಆ ಜಾವಾದ ಕಾರ್ಬುರೇಟರಿನ ಪಕ್ಕದಲ್ಲಿ ಒಂದು ಪುಟ್ಟ ಗುಂಡಿ. ಚಳಿಯ ಬೆಳಿಗ್ಗೆ ಸವಾರನು ಪೆಟ್ರೋಲಿನ ನಲ್ಲಿ ತಿರುಗಿಸಿ ಆ ಗುಂಡಿಯನ್ನು ಬೆರಳಿನಿಂದ ಒತ್ತುತ್ತಿದ್ದ. ಪೆಟ್ರೋಲು ಜಿನುಗಿ ಬೆರಳು ಒದ್ದೆಯಾಯಿತೋ, ಒಂದೇ ಕಿಕ್ಕಿಗೆ ಗಾಡಿ ಹೊರಡುತ್ತಿತ್ತು. ಏನು ನಡೆಯುತ್ತಿತ್ತು ಗೊತ್ತೇ? ಕಾರ್ಬುರೇಟರಿನ ಕೆಳಗಿನ ಬಟ್ಟಲಿನಲ್ಲಿ ಒಂದು ತೇಲುಬುರುಡೆ ಇರುತ್ತದೆ, ಬಾವಿಯಲ್ಲಿ ತೇಲುವ ಒಣಗಾಯಿಯ ಹಾಗೆ. ಪೆಟ್ರೋಲು ತುಂಬಿದಂತೆ ಅದು ಮೇಲೇರಿ, ಒಂದು ಸೂಜಿಯನ್ನು ತೂತಿಗೆ ಒತ್ತಿ ಬರುವ ದಾರಿಯನ್ನು ಮುಚ್ಚುತ್ತದೆ. ಗುಂಡಿ ಒತ್ತಿದರೆ ಬುರುಡೆ ಮುಳುಗುತ್ತದೆ, ಸೂಜಿ ಸಡಿಲವಾಗುತ್ತದೆ, ಬಟ್ಟಲು ತುಂಬಿ ಹರಿಯುತ್ತದೆ. ಅಂದರೆ ಓವರ್‌ಫ್ಲೋ ಎಂಬುದು ಜಾವಾದಲ್ಲಿ ಬೇಕೆಂದೇ ಮಾಡುತ್ತಿದ್ದ ಕೆಲಸ! ಬೇಡದಾಗ ಹರಿದರೆ ಮಾತ್ರ ರೋಗ. ಮೇಸ್ತ್ರಿ ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಗುಳುಗುಳು ಅಂದರೆ ತೂತು ಬಿದ್ದಿದೆ ಎಂದು ಅರ್ಥ. ಇಲ್ಲದಿದ್ದರೆ ಸೂಜಿಯ ಮೂತಿ ಸವೆದಿರಬೇಕು, ಅಥವಾ ಅದರ ಅಡಿಯಲ್ಲಿ ಕಸ ಕೂತಿರಬೇಕು.

ಈಗ ಗರಗಸಕ್ಕೆ ಬರೋಣ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ೧೯೨೬ರಲ್ಲಿ ವಿದ್ಯುತ್ತಿನ ಗರಗಸವನ್ನೂ ೧೯೨೯ರಲ್ಲಿ ಪೆಟ್ರೋಲಿನದನ್ನೂ ಮಾಡಿದ. ಅವನ್ನು ಇಬ್ಬರು ಹೊರಬೇಕಾಗಿತ್ತು. ಹಳೆಯ ಗರಗಸಗಳಲ್ಲೂ ಇದೇ ತೇಲುಬುರುಡೆ. ನಿಂತ ಮರವನ್ನು ಕೊಯ್ಯಲು ಎಂಜಿನ್ನನ್ನು ಮಗ್ಗುಲಾಗಿಸಿದರೆ ಬುರುಡೆ ಎಲ್ಲೋ, ಪೆಟ್ರೋಲು ಎಲ್ಲೋ. ಅದಕ್ಕೇ ಎಂಜಿನ್ನು ನೆಟ್ಟಗಿದ್ದು ಪಟ್ಟಿ ಮಾತ್ರ ತಿರುಗುವ ಉಪಾಯ ಹೂಡಿದ್ದರು. ೧೯೪೯ರಲ್ಲಿ ಅಮೆರಿಕದ ಮೆಕಲಕ್ ಕಂಪನಿ ಒಬ್ಬನೇ ಹಿಡಿಯುವ, ೨೫ ಪೌಂಡಿನ ಗರಗಸವನ್ನು ತಂದಿತು. ಆ ಕಾಲದಿಂದ ಈಚೆಗೆ ಬುರುಡೆ ಹೋಗಿ ಅದರ ಜಾಗಕ್ಕೆ ತೆಳ್ಳನೆಯ ಪೊರೆ ಬಂತು. ಎಂಜಿನ್ನು ಎಳೆದಂತೆ ಪೊರೆ ಒಳಕ್ಕೆ ಬಾಗುತ್ತದೆ, ಒಂದು ಚಿಕ್ಕ ಸನ್ನೆಯನ್ನು ಒತ್ತುತ್ತದೆ, ಸನ್ನೆ ಸೂಜಿಯನ್ನು ಎತ್ತುತ್ತದೆ. ಗರಗಸವನ್ನು ತಲೆಕೆಳಗು ಹಿಡಿದರೂ ಓಡಲು ಇದೇ ಕಾರಣ.

ತೊಂದರೆ ಆಗುವುದು ಇಲ್ಲಿಯೇ. ಜಾವಾದ ಅಭ್ಯಾಸ ಕೈಯಲ್ಲಿ ಉಳಿದಿದೆ: ಪೆಟ್ರೋಲು ಕಾಣುವ ತನಕ ತುಂಬಿಸು! ಗರಗಸದಲ್ಲಿ ಹಾಗೆ ಮಾಡಬಾರದು. ಚೋಕು ಎಳೆದು ಹಗ್ಗ ಎಳೆಯುವಾಗ ಒಂದು ಸಲ “ಪಟ್” ಎಂದ ಕೂಡಲೆ ಚೋಕು ತೆಗೆಯಬೇಕು. ಆ ಸದ್ದು ಬಹಳ ಸಣ್ಣದು, ಗಾಳಿಮಳೆಯಲ್ಲಿ ಕೇಳಿಸುವುದೇ ಇಲ್ಲ. ನಾನೂ ಕೇಳಿಸಿಕೊಳ್ಳದೆ ಅರ್ಧ ದಿನ ಹಗ್ಗ ಎಳೆದು ತೋಳು ನೋಯಿಸಿಕೊಂಡವನೇ. ಕಾರ್ಬುರೇಟರಿನಲ್ಲಿ ಏನೂ ಕೆಟ್ಟಿರಲಿಲ್ಲ.

ಹಾಗಾದರೆ ರೋಗ ಯಾವುದು, ಅಭ್ಯಾಸ ಯಾವುದು? ಮೊದಲು ತುಂಬಿದ್ದನ್ನು ಖಾಲಿಮಾಡಿ. ಸ್ವಿಚ್ಚು ಆಫ್ ಇರಲಿ, ಇದನ್ನು ಮರೆಯಬಾರದು, ಯಾಕೆಂದರೆ ಚಿಮ್ಮುವ ಪೆಟ್ರೋಲಿಗೆ ಕಿಡಿ ತಾಗಿದರೆ ಮುಖ ಸುಡುತ್ತದೆ. ಪ್ಲಗ್ಗನ್ನು ಬಿಚ್ಚಿ, ಚೋಕು ತೆರೆದು, ಪ್ಲಗ್ಗಿನ ತೂತು ಕೆಳಮುಖವಾಗಿ ನೆಲಕ್ಕೆ ತಿರುಗಿರುವಂತೆ ಹಿಡಿದು ಐದಾರು ಸಲ ಮೆಲ್ಲಗೆ ಎಳೆಯಿರಿ. ಹೊಸ ರಿಂಗಿನ ಎಂಜಿನ್ನಿಗೆ ಇದು ಇನ್ನೂ ಮುಖ್ಯ. ಹಸಿ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ, ಆಮೇಲೆ ಖರ್ಚು ಮಾಡಿ ಹಾಕಿಸಿದ ರಿಂಗು ಒಣಗೋಡೆಗೆ ಉಜ್ಜುತ್ತದೆ. ಪ್ಲಗ್ಗನ್ನು ಒರೆಸಿ ಒಣಗಿಸಿ ಹಾಕಿ. ಏರ್ ಫಿಲ್ಟರನ್ನು ಬಿಚ್ಚಿ, ಕಾರ್ಬುರೇಟರಿನ ಬಾಯನ್ನು ಬಟ್ಟೆಯಿಂದ ಒರೆಸಿ, ಟ್ಯಾಂಕಿನಲ್ಲಿ ಪೆಟ್ರೋಲು ಇರುವಂತೆಯೇ, ಒಲೆ ದೀಪಗಳಿಂದ ದೂರವಾಗಿ ಗಾಳಿಯಾಡುವ ಕಡೆ ರಾತ್ರಿ ಇಟ್ಟುಬಿಡಿ. ಬೆಳಿಗ್ಗೆ ಬಾಯಿ ಒಣಗಿದ್ದರೆ ತಪ್ಪು ಹೆಚ್ಚಾಗಿ ಚೋಕಿನದು, ಇಲ್ಲವೆ ಪ್ಲಗ್ಗಿನ ಕಿಡಿಯದು. ಒದ್ದೆಯಾಗಿದ್ದರೆ ಸೂಜಿ ಮುಚ್ಚುತ್ತಿಲ್ಲ.

ಸೂಜಿ ಮುಚ್ಚದಿರಲು ಕಾರಣಗಳು ಕೆಲವೇ. ಕಸ ಕೂತಿದೆ, ಮೂತಿ ಸವೆದಿದೆ, ಅಥವಾ ಪುನಃ ಕಟ್ಟುವಾಗ ಸನ್ನೆಯನ್ನು ಎತ್ತರಿಸಿ ಕೂಡಿಸಿದ್ದಾರೆ. ಈ ಮೂರನೆಯದು ರಿಪೇರಿಯಾದ ಗರಗಸದಲ್ಲಿ ತುಂಬಾ ಕಾಣುತ್ತದೆ, ಯಾರೂ ಅದನ್ನು ಅನುಮಾನಿಸುವುದಿಲ್ಲ. ಸನ್ನೆ ಎತ್ತರವಾದರೆ ಪೊರೆ ಸುಮ್ಮನಿದ್ದಾಗಲೂ ಅದನ್ನು ಒತ್ತುತ್ತಲೇ ಇರುತ್ತದೆ. ಬಹುಪಾಲು ಕಾರ್ಬುರೇಟರುಗಳಲ್ಲಿ ಸನ್ನೆಯ ತುದಿ ಒಳಗಿನ ನೆಲದ ಮಟ್ಟಕ್ಕೆ ಇರಬೇಕು, ಕೆಲವಕ್ಕೆ ಅಳತೆಯ ತಗಡು ಬೇರೆ. ಪೊರೆ ಮತ್ತು ಗ್ಯಾಸ್ಕೆಟ್ಟು ಹಿಂದುಮುಂದಾದರೂ ಇದೇ ಗತಿ. ಇನ್ನೊಂದು ಮಾತು: ಬಿಸಿಲಿಗೆ ಇಟ್ಟ ಗರಗಸದ ಟ್ಯಾಂಕಿನ ಗಾಳಿಕಂಡಿ ಕಟ್ಟಿದ್ದರೆ ಒಳಗಿನ ಒತ್ತಡವೇ ಪೆಟ್ರೋಲನ್ನು ಸೂಜಿಯ ಆಚೆಗೆ ನೂಕುತ್ತದೆ. ಮುಚ್ಚಳ ತೆರೆದಾಗ “ಬುಸ್” ಎಂದರೆ ಅಲ್ಲಿ ನೋಡಿರಿ.

೨೦೨೦ರ ಏಪ್ರಿಲಿನಿಂದ ಹೊಸ ಮಾಲಿನ್ಯ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರು ಬಹುತೇಕ ಹೋಯಿತು. ಅದರ ನಾಡಿ ಹಿಡಿಯುವ ಕೈಗಳೂ ಪೇಟೆಯಲ್ಲಿ ಕಡಿಮೆಯಾಗುತ್ತಿವೆ. ಜಾವಾ ನೋಡಿದ ಹಳೆಯ ಮೇಸ್ತ್ರಿ ಸಿಕ್ಕರೆ ಗರಗಸ ಅವರ ಮುಂದಿಡಿ, ಆದರೆ “ಸ್ವಾಮಿ, ಇದರಲ್ಲಿ ಬುರುಡೆ ಇಲ್ಲ, ಪೊರೆ ಐತೆ” ಎಂದು ಮೊದಲೇ ಹೇಳಿ. ಪೊರೆ, ಸೂಜಿ, ಗ್ಯಾಸ್ಕೆಟ್ಟುಗಳ ಕಿಟ್ಟು ತರುವುದಾದರೆ ಕಾರ್ಬುರೇಟರಿನ ಮೈಮೇಲೆ ಕೆತ್ತಿದ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗರಗಸದ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನ ಗರಗಸಕ್ಕೆ ಎರಡು ಮೂರು ಬಗೆಯ ಕಾರ್ಬುರೇಟರು ಬಂದಿರುತ್ತದೆ.